ದಾರ ಸಡಿಲಾದಾಗಲೇ ಎಚ್ಚರ



ಸಂಕ್ರಾಂತಿಗೆ ಹೈದರಾಬಾದಿನ ಮಾಳಿಗೆಗಳ ಮೇಲೆ, ಆಗಸ್ಟ್ 15ಕ್ಕೆ ಹಳೆ ದೆಹಲಿಯ ಮಾಳಿಗೆಗಳ ಮೇಲೆ ಗಾಳಿಪಟ ಹಾರಿಸುವವರ ಬಾಯಲ್ಲಿ ಒಂದು ಕೂಗು ಕೇಳಿಯೇ ಕೇಳುತ್ತದೆ: 'ಢೀಲ್ ದೇ!' ಅಂದರೆ, ದಾರ ಸಡಿಲ ಬಿಡು. ಮಾಳಿಗೆಯ ಮೇಲೆ ಇದು ಗೆಲ್ಲುವ ಉಪಾಯ. ಆದರೆ ಅದೇ ಗಾಳಿಪಟವನ್ನು ಸಮುದ್ರಕ್ಕೆ ಒಯ್ದು, ದಾರವನ್ನು ನಮ್ಮ ಸೊಂಟಕ್ಕೇ ಕಟ್ಟಿಕೊಂಡು, ಅಲೆಗಳ ಮೇಲೆ ಸವಾರಿ ಹೊರಟರೆ? ಅಲ್ಲಿ ದಾರ ಸಡಿಲಾದ ಗಳಿಗೆಯೇ ಅಪಾಯದ ಗಳಿಗೆ. ಇವತ್ತಿನ ಮಾತು ಆ ಗಳಿಗೆಯ ಬಗ್ಗೆ.

ಆಟದ ಹೆಸರು ಕೈಟ್ ಸರ್ಫಿಂಗ್. ಗಾಳಿ ತುಂಬಿದ ಕೊಳವೆಗಳ ಚೌಕಟ್ಟಿರುವ ದೊಡ್ಡ ಪಟ, ಕಾಲ ಕೆಳಗೆ ಒಂದು ಹಲಗೆ, ನಡುವೆ ಮನುಷ್ಯ. ನೀರಿಗೆ ಬಿದ್ದರೂ ಮತ್ತೆ ಮೇಲೇಳಬಲ್ಲ ಇಂಥ ಪಟಕ್ಕೆ ಫ್ರಾನ್ಸಿನ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟ್ ಪಡೆದರು. ನಲವತ್ತು ವರ್ಷಗಳ ನಂತರ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಪಟದ ಓಟದ ಸ್ಪರ್ಧೆ ಮೊದಲ ಬಾರಿಗೆ ಸೇರಿತು. ಅದು ನಡೆದದ್ದು ಮಾರ್ಸೇಲ್ ಬಂದರಿನ ಬಳಿ. ನಮ್ಮ ದೇಶದಲ್ಲೂ ರಾಮೇಶ್ವರದ ಸುತ್ತಮುತ್ತ ಇದನ್ನು ಕಲಿಸುತ್ತಾರೆ. ಚೆನ್ನೈ, ಮುಂಬೈ, ಪುಣೆಯ ನಮ್ಮ ಹುಡುಗ ಹುಡುಗಿಯರು ರಜೆ ಹಾಕಿ ಹೋಗಿ ಕಲಿತು ಬರುವ ಕಾಲ ಇದು. ಹಾಗಾಗಿ ಇದು ಯಾರದೋ ದೂರದ ಆಟ ಎಂದು ಕೈಬಿಡುವ ಹಾಗಿಲ್ಲ.

ಮೊದಲು ಆ ದಾರವನ್ನು ನೋಡೋಣ. ಸಾಮಾನ್ಯವಾಗಿ ನಾಲ್ಕೋ ಐದೋ ದಾರಗಳಿರುತ್ತವೆ. ಒಂದೊಂದೂ ಇಪ್ಪತ್ತು ಮೀಟರಿನಿಂದ ಇಪ್ಪತ್ತೇಳು ಮೀಟರಿನವರೆಗೆ ಉದ್ದ. ದಪ್ಪ ಎರಡು ಮಿಲಿಮೀಟರಿನ ಆಸುಪಾಸು, ಅಷ್ಟೇ. ಆದರೆ ಡೈನೀಮಾದಂಥ ನೂಲಿನಿಂದ ಹೆಣೆದ ಈ ದಾರ ನೂರಾರು ಕಿಲೋ ಭಾರವನ್ನು ತಡೆಯುತ್ತದೆ. ನಮ್ಮ ಊರಿನ ಮಾಂಜಾ ದಾರದಂತೆ ಇದಕ್ಕೆ ಗಾಜಿನ ಪುಡಿ ಬಳಿದಿರುವುದಿಲ್ಲ. ಬಳಿಯುವ ಅಗತ್ಯವೂ ಇಲ್ಲ. ಇಷ್ಟು ತೆಳ್ಳನೆಯ ದಾರ ಬೆರಳಿಗೋ ಕಾಲಿಗೋ ಸುತ್ತಿಕೊಂಡು ಒಮ್ಮೆಲೇ ಬಿಗಿದರೆ, ಗಾಜಿಲ್ಲದೆಯೂ ಮಾಂಸ ಕೊಯ್ಯುತ್ತದೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶದಾದ್ಯಂತ ನಿಷೇಧಿಸಿದ್ದು ಯಾಕೆಂದು ಬಲ್ಲವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇನ್ನೊಂದು ಗುಣ. ಈ ನೂಲು ನೀರಿಗಿಂತ ಹಗುರ, ಮುಳುಗುವುದಿಲ್ಲ. ಸಡಿಲಾದ ದಾರ ಸವಾರನ ಸುತ್ತ ನೀರಿನ ಮೇಲೆಯೇ ಸುರುಳಿ ಸುರುಳಿಯಾಗಿ ತೇಲುತ್ತದೆ. ನೊರೆಯ ನಡುವೆ ಕಣ್ಣಿಗೆ ಕಾಣುವುದೂ ಕಷ್ಟ.

ಹಾಗಾದರೆ ದಾರ ಸಡಿಲಾಗುವುದು ಏಕೆ? ಪಟ ಮೇಲೆ ನಿಲ್ಲುವುದು ಎರಡು ಆಧಾರದ ಮೇಲೆ. ಒಂದು, ಅದರ ಮೇಲೆ ಹಾಯುವ ಗಾಳಿ. ಎರಡು, ಇತ್ತ ಸವಾರ ಕೊಡುವ ಎಳೆತ. ಒಂದು ಲೆಕ್ಕ ಹಾಕಿ ನೋಡಿ. ಗಾಳಿ ಗಂಟೆಗೆ 28 ಕಿಲೋಮೀಟರ್ ವೇಗದಲ್ಲಿ ಬೀಸುತ್ತಿದೆ. ಸವಾರ ಅಲೆಯ ಇಳಿಜಾರಿನಲ್ಲಿ ಜಾರುತ್ತಾ ಗಾಳಿ ಹೋಗುವ ದಿಕ್ಕಿಗೇ ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹೊರಟ. ಅವನ ಪಾಲಿಗೆ ಉಳಿಯುವ ಗಾಳಿ ಬರೀ ಎಂಟು ಕಿಲೋಮೀಟರಿನದು. ಅದು ಮರದ ಎಲೆ ಅಲ್ಲಾಡಿಸೀತು, ಪಟವನ್ನು ಎತ್ತಿ ಹಿಡಿಯಲಾರದು. ಅಲೆ ಅವನನ್ನು ಪಟದ ಕಡೆಗೇ ತಳ್ಳುತ್ತಿದೆ, ಅಂತರ ಕಡಿಮೆಯಾಗುತ್ತಿದೆ, ದಾರ ಜೋತು ಬೀಳುತ್ತಿದೆ. ಗಾಳಿ ಬಂದಾಗ ತೂರಿಕೊಳ್ಳಬೇಕು ಎನ್ನುತ್ತದೆ ನಮ್ಮ ಗಾದೆ. ಇಲ್ಲಿ ಗಾಳಿಯ ಜೊತೆಗೇ ಓಡಿದವನಿಗೆ ಗಾಳಿ ಸಿಗುವುದಿಲ್ಲ!

ಸಮತಟ್ಟಾದ ಹಿನ್ನೀರಿನಲ್ಲಿ ಕಲಿತವರಿಗೆ ಈ ಅನುಭವ ಅಷ್ಟಾಗಿ ಆಗಿರುವುದಿಲ್ಲ. ಅಲ್ಲಿ ತಳ್ಳುವ ಅಲೆಯೇ ಇರುವುದಿಲ್ಲವಲ್ಲ. ಅಲೆಯೂ ದಡಕ್ಕೆ, ಗಾಳಿಯೂ ನೇರ ದಡಕ್ಕೆ ಎಂಬಂತಿರುವ ಕಡೆ ತೊಂದರೆ ಹೆಚ್ಚು. ಮಳೆಗಾಲದಲ್ಲಿ ಜುಹುವಿನಿಂದ ಹಿಡಿದು ನಮ್ಮ ಕರಾವಳಿಯವರೆಗೆ ಇಡೀ ಪಶ್ಚಿಮ ತೀರದ ಪರಿಸ್ಥಿತಿ ಇದೇ. ಗಾಳಿ ದಡಕ್ಕೆ ಸಮಾನಾಂತರವಾಗಿ, ಪಕ್ಕದಿಂದ ಬೀಸುವ ಜಾಗದಲ್ಲಿ ದಾರ ಬಿಗಿಯಾಗಿ ಉಳಿಯುವುದು ಎಷ್ಟೋ ಸುಲಭ.

ಈಗ ಮುಖ್ಯ ವಿಷಯ. ದಾರ ಸಡಿಲಾದಾಗ ಎಳೆತ ನಿಲ್ಲುತ್ತದೆ. ಅಬ್ಬಾ, ಪಟ ಶಾಂತವಾಯಿತು ಎನಿಸುತ್ತದೆ. ಆ ಶಾಂತಿಯನ್ನು ನಂಬಬಾರದು. ಮುಂದೆ ಎರಡರಲ್ಲಿ ಒಂದು ಆಗುತ್ತದೆ. ಕೆಳಗೆ ಬೀಳುತ್ತಿದ್ದ ಪಟ ಮತ್ತೆ ಗಾಳಿ ಹಿಡಿದು ಫಟ್ಟನೆ ಎಳೆಯಬಹುದು; ಆಗ ಸವಾರ ಎಗರಿ ಬೀಳುತ್ತಾನೆ, ಒಮ್ಮೊಮ್ಮೆ ದಾರವೇ ಹರಿಯುತ್ತದೆ. ಇಲ್ಲವೇ ಪಟ ನೀರಿಗೆ ಬಿದ್ದು, ಮುಂದಿನ ಅಲೆ ಅದರ ಮೇಲೆ ಮುರಿಯುತ್ತದೆ. ಒಂದು ಘನ ಮೀಟರ್ ಸಮುದ್ರದ ನೀರಿನ ತೂಕ ಸಾವಿರ ಕಿಲೋಗೂ ಮೇಲು. ಅಂಥ ನೀರು ತುಂಬಿದ ಪಟವನ್ನು ಅಲೆ ದಡದತ್ತ ಎಳೆದೊಯ್ಯುವಾಗ, ತೇಲುತ್ತಿದ್ದ ಸುರುಳಿಗಳೆಲ್ಲ ಕ್ಷಣದಲ್ಲಿ ಬಿಗಿಯುತ್ತವೆ. ಸುರುಳಿಯೊಳಗೆ ಕಾಲಿದ್ದರೆ ಕಾಲು, ಬೆರಳಿದ್ದರೆ ಬೆರಳು. ಸಿಕ್ಕಿಕೊಂಡವನು ನೀರೊಳಗೇ ಎಳೆಯಲ್ಪಡುತ್ತಾನೆ. ಗಾಳಿಯಿಲ್ಲದಿದ್ದರೂ ಅಲೆ ಎಳೆಯುತ್ತದೆ ಎಂಬುದನ್ನು ಮರೆಯಬಾರದು.

ಹಾಗಾದರೆ ಮಾಡಬೇಕಾದದ್ದೇನು? ಬಲ್ಲವರು ಹೇಳುವ ಕೆಲವು ಮಾತುಗಳು.

ಒಂದು, ಅಲೆಯ ಮೇಲೆ ತಿರುಗುವ ಮುನ್ನ ಪಟವನ್ನು ತಿರುಗಿಸಬೇಕು. ಮೊದಲು ಪಟ, ಆಮೇಲೆ ಹಲಗೆ. ಪಟ ಚಲಿಸುತ್ತಿದ್ದರೆ ದಾರ ಬಿಗಿಯಾಗಿರುತ್ತದೆ.

ಎರಡು, ದಾರ ಸಡಿಲಾಗುತ್ತಿದೆ ಎನಿಸಿದ ಕೂಡಲೇ ಪಟದ ಕಡೆಗೆ ನುಗ್ಗುವುದನ್ನು ನಿಲ್ಲಿಸಬೇಕು. ಹಲಗೆಯ ಅಂಚನ್ನು ನೀರಿಗೆ ಒತ್ತಿ, ಗಾಳಿ ಬರುವ ಕಡೆಗೆ ತಿರುಗಬೇಕು. ಆ ಅಲೆ ಹೋದರೆ ಹೋಗಲಿ, ಹಿಂದೆ ಇನ್ನೊಂದು ಬರುತ್ತದೆ.

ಮೂರು, ದಾರವನ್ನು ಕೈಗೆ ಸುತ್ತಿಕೊಂಡು ಎಳೆಯಬಾರದು. ಅವಸರದಲ್ಲಿ ಎಲ್ಲರಿಗೂ ಹೊಳೆಯುವುದು ಇದೇ. ಬೆರಳು ಕಳೆದುಕೊಳ್ಳುವ ದಾರಿಯೂ ಇದೇ.

ನಾಲ್ಕು, ದಾರ ಮೈಗೆ ಸುತ್ತಿದೆ ಎಂದು ತಿಳಿದ ತಕ್ಷಣ ಬಿಡುಗಡೆಯ ಕೊಂಡಿ ಎಳೆಯಬೇಕು. ಬಿಗಿಯುವ ತನಕ ಕಾಯಬಾರದು. ಮೊದಲ ಕೊಂಡಿ ಎಳೆದಾಗ ಪಟ ಒಂದೇ ದಾರದ ಮೇಲೆ ಜೋತುಬಿದ್ದು ಶಕ್ತಿ ಕಳೆದುಕೊಳ್ಳುತ್ತದೆ. ಆದರೆ ಉಳಿದ ದಾರಗಳು ಆಗ ಇನ್ನಷ್ಟು ಸಡಿಲಾಗಿ ನೀರಿನಲ್ಲಿ ಹರಡುತ್ತವೆ; ಅವುಗಳಿಂದ ದೂರ ಈಜಬೇಕು. ಅಲೆ ಇನ್ನೂ ಎಳೆಯುತ್ತಿದ್ದರೆ ಎರಡನೆಯ ಕೊಂಡಿಯನ್ನೂ ಎಳೆದು ಪಟವನ್ನೇ ಬಿಟ್ಟುಬಿಡಬೇಕು. ಪಟ ಎಷ್ಟೇ ದುಬಾರಿಯಾಗಿರಲಿ, ಕಾಲಿಗಿಂತ ಅಗ್ಗ. ಈ ಬಿಡುಗಡೆಯ ವ್ಯವಸ್ಥೆಗೆಂದೇ 2020ರಲ್ಲಿ ಐಎಸ್ಒ 21853 ಎಂಬ ಅಂತರರಾಷ್ಟ್ರೀಯ ಮಾನದಂಡ ಬಂದಿದೆ. ಆದರೆ ಮರಳು ಹೊಕ್ಕ ಕೊಂಡಿ ಯಾವ ಮಾನದಂಡದ್ದಾದರೂ ಬಿಗಿಯಾಗಬಹುದು. ನೀರಿಗಿಳಿಯುವ ಮುನ್ನ ಪ್ರತಿ ಸಲ ಎಳೆದು ನೋಡಬೇಕು.

ಐದು, ಸೊಂಟಪಟ್ಟಿಯಲ್ಲಿ ದಾರ ಕತ್ತರಿಸುವ ಕೊಕ್ಕೆ ಚಾಕು ಇರಲಿ. ಯಾವ ಕೈಯಿಂದ ಬೇಕಾದರೂ ತೆಗೆಯುವಂತಿರಲಿ. ಒಂಟಿಯಾಗಿ ಹೋಗಬೇಡಿ.

ಇಷ್ಟು ಸವಾರರಿಗೆ. ಆದರೆ ನಮ್ಮಲ್ಲಿ ಹೆಚ್ಚಿನವರು ದಡದಲ್ಲಿ ಮಕ್ಕಳ ಜೊತೆ ನಿಂತು ನೋಡುವವರು, ಅಲ್ಲವೇ? ನಮಗೂ ಪಾಠವಿದೆ. ಪಟ ಮರಳಿನ ಮೇಲೆ ಬಿದ್ದಾಗ ದಾರಗಳು ನೆಲದ ಮೇಲೆ ಸುಮ್ಮನೆ ಮಲಗಿರುತ್ತವೆ. ಮಕ್ಕಳು ಅವನ್ನು ದಾಟಿ ಓಡುತ್ತಾರೆ, ದೊಡ್ಡವರು ಸಹಾಯಕ್ಕೆಂದು ಹಿಡಿದು ಎಳೆಯುತ್ತಾರೆ. ಎರಡೂ ಬೇಡ. ಮಲಗಿದ ದಾರಕ್ಕೆ ಎದ್ದು ನಿಲ್ಲಲು ಒಂದು ಬೀಸುಗಾಳಿ ಸಾಕು. ಹಾರುವ ಪಟದಿಂದ, ಅದರಲ್ಲೂ ಗಾಳಿ ಹೋಗುವ ದಿಕ್ಕಿನಲ್ಲಿ, ಕಡಿಮೆಯೆಂದರೆ ದಾರದ ಉದ್ದದ ಎರಡರಷ್ಟು, ಅಂದರೆ ಐವತ್ತು ಮೀಟರ್ ದೂರ ನಿಲ್ಲಬೇಕು. ನೆರವು ಕೊಡಲೇಬೇಕಾದರೆ, ಕಲಿತವರು ಗಾಳಿ ಬರುವ ಕಡೆಯಿಂದ ಪಟವನ್ನು ಸಮೀಪಿಸಿ, ಗಾಳಿ ತುಂಬಿದ ಮುಂಭಾಗದ ಕೊಳವೆಯನ್ನು ನಡುವೆ ಹಿಡಿಯುತ್ತಾರೆ. ಆ ಭಾಗ ಗಾಳಿಗೆ ಎದುರಾಗುವಂತೆ ಮಗುಚಿ, ಮೇಲೆ ಮರಳು ಸುರಿಯುತ್ತಾರೆ. ಅವರು ಹಿಡಿಯುವುದು ಪಟವನ್ನು, ದಾರವನ್ನಲ್ಲ. ಗೊತ್ತಿಲ್ಲದವರು ಮಾಡಬಹುದಾದ ದೊಡ್ಡ ಉಪಕಾರವೆಂದರೆ ಉಳಿದವರನ್ನು ದೂರ ನಿಲ್ಲಿಸಿ, ಜೀವರಕ್ಷಕರನ್ನು ಕೂಗಿ ಕರೆಯುವುದು.

ಬಿಗಿಯಾದ ದಾರ ಕಂಡರೆ ನಾವಾಗಿಯೇ ಹುಷಾರಾಗುತ್ತೇವೆ. ಸಡಿಲ ದಾರದ ಎದುರು ಮೈಮರೆಯುತ್ತೇವೆ. ಅದು ಬಿಗಿಯುವುದಕ್ಕೆ ಮುಂಚಿನ ಆ ಎರಡು ಮೂರು ಕ್ಷಣವಷ್ಟೇ ನಮ್ಮ ಕೈಯಲ್ಲಿರುವುದು. ನಿಮ್ಮ ಮನೆಯ ಮಕ್ಕಳು ಈ ಆಟ ಕಲಿಯುತ್ತೇನೆಂದರೆ ಬೇಡ ಎನ್ನಬೇಡಿ. ಕಲಿಸುವವರನ್ನು ಒಂದು ಮಾತು ಕೇಳಿ ಬರಲು ಹೇಳಿ: ಹಾರಿಸುವುದನ್ನು ಆಮೇಲೆ ಕಲಿಸಿ, ಬಿಟ್ಟುಬಿಡುವುದನ್ನು ಮೊದಲು ಕಲಿಸುತ್ತೀರಾ?