ಟಂಡ್ರಾದ ನೆಲ, ಬೆಟ್ಟದ ನೆತ್ತಿ, ನಮ್ಮ ಹುಲ್ಲುಗಾವಲು

(ಮೇಡ್ಲೇರಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಮಲೆನಾಡಿನಿಂದ ಬಂದವರು ಬಯಲುಸೀಮೆಯ ಬಿಸಿಲಲ್ಲಿ ನಿಂತು ಉತ್ತರ ಧ್ರುವದ ಗಿಡಗಳ ಕಥೆ ಹೇಳುವುದು ತಮಗೆ ವಿಚಿತ್ರವೆನಿಸೀತು. ಆದರೆ ತಮ್ಮ ತಾಲ್ಲೂಕಿನ ಅಂಚಿನಲ್ಲಿ ಹರಿಯುವ ತುಂಗಭದ್ರೆಯನ್ನು ನೆನೆಯಿರಿ. ತುಂಗೆ, ಭದ್ರೆ ಎರಡೂ ಹುಟ್ಟುವುದು ಕುದುರೆಮುಖ ಸೀಮೆಯ ಗಂಗಾಮೂಲದಲ್ಲಿ. ಆ ಬೆಟ್ಟಗಳ ನೆತ್ತಿಯನ್ನು ಹೊದ್ದಿರುವುದು ಹುಲ್ಲು. ಕಣಿವೆಯ ಮಡಿಲಲ್ಲಿ ಮಾತ್ರ ಶೋಲಾ ಕಾಡು. ಮರವಿಲ್ಲದ ನೆಲದ ಮೇಲೆ ತಾಪ ಏರಿದರೆ ಏನಾಗುತ್ತದೆಂಬುದನ್ನು ಲೋಕ ಅತ್ಯಂತ ಸ್ಪಷ್ಟವಾಗಿ ಕಂಡಿರುವುದು ಟಂಡ್ರಾದಲ್ಲಿ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಟಂಡ್ರಾ ಎಂದರೆ ಉತ್ತರ ಧ್ರುವದ ಸುತ್ತಲಿನ, ಮರಗಳು ಬೆಳೆಯಲಾರದ ಬಯಲು. ಅಲ್ಲಿ ಮೇಲಿನ ಒಂದು ಪದರ ಬೇಸಿಗೆಯಲ್ಲಿ ಕರಗಿದರೂ ಕೆಳಗಿನ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿಯೇ ಇರುತ್ತದೆ. ಗಿಡಗಳಿಗೆ ದೊರೆಯುವುದು ಕೆಲವೇ ವಾರಗಳ ಬೆಳವಣಿಗೆಯ ಕಾಲ. ಹಾವಸೆ, ಹುಲ್ಲು, ಗೇಣುದ್ದದ ಪೊದೆಗಳು, ಹಾಗೂ ನಮ್ಮ ಮಸಾಲೆಗೆ ಬಳಸುವ ಕಲ್ಲುಹೂವಿನ ಬಂಧುಗಳು ನೆಲಕ್ಕೆ ಅಂಟಿಕೊಂಡು ಒಂದು ಸಮುದಾಯವಾಗಿ ಬದುಕುತ್ತವೆ. ಚಳಿಗಾಲದಲ್ಲಿ ಹಿಮಸಾರಂಗಗಳಿಗೆ ಈ ಕಲ್ಲುಹೂವೇ ಮುಖ್ಯ ಮೇವು.

1990ರಲ್ಲಿ ಹಲವು ದೇಶಗಳ ವಿಜ್ಞಾನಿಗಳು ಕೂಡಿ ಅಂತರರಾಷ್ಟ್ರೀಯ ಟಂಡ್ರಾ ಪ್ರಯೋಗವೆಂಬ ಕಾರ್ಯವನ್ನು ಆರಂಭಿಸಿದರು. ಅದರ ವಿಧಾನ ಬಹಳ ಸರಳ. ನೆಲದ ತುಂಡೊಂದರ ಸುತ್ತ ಮೇಲ್ಭಾಗ ತೆರೆದ ಪಾರದರ್ಶಕ ಗೋಡೆ ನಿಲ್ಲಿಸುವುದು. ಒಳಗಿನ ಗಾಳಿ ಒಂದರಿಂದ ಮೂರು ಡಿಗ್ರಿಯಷ್ಟು ಬೆಚ್ಚಗಾಗುತ್ತದೆ. ಪಕ್ಕದಲ್ಲಿ ಗೋಡೆಯಿಲ್ಲದ ಇನ್ನೊಂದು ತುಂಡು. ವರ್ಷದಿಂದ ವರ್ಷಕ್ಕೆ ಎರಡರಲ್ಲಿಯೂ ಗಿಡಗಳನ್ನು ಎಣಿಸಿ, ಅಳೆದು ಹೋಲಿಸುವುದು. ಅನೇಕ ನೆಲೆಗಳಿಂದ ಬಂದ ಫಲಿತಾಂಶ ಒಟ್ಟಾರೆ ಒಂದೇ ದಿಕ್ಕಿನದು: ಪೊದೆಗಳು ಎತ್ತರವಾದವು, ಹರಡಿಕೊಂಡವು, ಅವುಗಳ ನೆರಳಿನಲ್ಲಿ ಹಾವಸೆಯೂ ಕಲ್ಲುಹೂವೂ ಕ್ಷೀಣಿಸಿದವು. ಪ್ರಯೋಗದ ಗೋಡೆಗಳ ಹೊರಗೂ ಹಲವೆಡೆ ವಿಲೋ, ಬರ್ಚ್ ಪೊದೆಗಳು ಬಯಲನ್ನು ಆಕ್ರಮಿಸುತ್ತಿವೆ. 1979ರಿಂದ ಈಚೆಗೆ ಧ್ರುವಪ್ರದೇಶವು ಜಗತ್ತಿನ ಸರಾಸರಿಗಿಂತ ಸುಮಾರು ನಾಲ್ಕು ಪಟ್ಟು ವೇಗವಾಗಿ ಬಿಸಿಯಾಗುತ್ತಿದೆ ಎಂಬುದನ್ನು ಇಲ್ಲಿ ನೆನೆಯಬೇಕು.

ಹಸಿರು ಹೆಚ್ಚಿದರೆ ಒಳ್ಳೆಯದಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಬಿಳಿಯ ಹಿಮ ಬಿಸಿಲನ್ನು ಹಿಂದಿರುಗಿಸುತ್ತದೆ. ಹಿಮದ ಮೇಲೆ ತಲೆಯೆತ್ತಿದ ಕಪ್ಪು ಕೊಂಬೆಗಳು ಅದನ್ನು ಹೀರುತ್ತವೆ. ಪೊದೆಗಳ ನಡುವೆ ಶೇಖರವಾಗುವ ಹಿಮ ಕಂಬಳಿಯಂತೆ ನೆಲವನ್ನು ಚಳಿಗಾಲದಲ್ಲಿಯೂ ಬೆಚ್ಚಗಿಡುತ್ತದೆ. ಹೆಪ್ಪುಗಟ್ಟಿದ ಆ ಮಣ್ಣಿನಲ್ಲಿ ಅಡಗಿರುವ ಇಂಗಾಲ ವಾತಾವರಣದಲ್ಲಿರುವುದರ ಸುಮಾರು ಎರಡರಷ್ಟು. ಮಣ್ಣು ಕರಗಿದರೆ ಅದರ ಒಂದು ಪಾಲು ಅನಿಲವಾಗಿ ಮೇಲೇರಿ ತಾಪವನ್ನು ಇನ್ನಷ್ಟು ಏರಿಸುತ್ತದೆ. ಹೀಗೆ ಹಸಿರು ಎಲ್ಲಿ ಹೆಚ್ಚಿತು, ಯಾವುದನ್ನು ತಳ್ಳಿ ಹೆಚ್ಚಿತು ಎಂಬುದನ್ನು ವಿಚಾರಿಸದೆ ತೀರ್ಪು ಕೊಡಲಾಗದು.

ಈಗ ನಮ್ಮ ಬೆಟ್ಟಗಳಿಗೆ ಬರೋಣ. ತಂಪಿಗೆ ಒಗ್ಗಿದ ಗಿಡಕ್ಕೆ ತಾಪದಿಂದ ಪಾರಾಗಲು ಒಂದು ದಾರಿಯೆಂದರೆ ಮೇಲೇರುವುದು. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 1,930 ಮೀಟರ್. ಅದರ ಮೇಲೆ ಏರಲು ನೆಲವೇ ಇಲ್ಲ. ನೀಲಗಿರಿ ಬೆಟ್ಟಗಳ ಹುಲ್ಲುಗಾವಲಿನಲ್ಲಿ ಮರದ ಸಸಿಗಳು ತಲೆಯೆತ್ತದಂತೆ ತಡೆಯುವ ಕಾರಣಗಳಲ್ಲಿ ಚಳಿಗಾಲದ ಇಬ್ಬನಿ ಹೆಪ್ಪುಗಟ್ಟುವಿಕೆಯೂ ಒಂದು. ಚಳಿ ಸಡಿಲಿದಂತೆ ಆ ಕಾವಲೂ ಸಡಿಲುತ್ತದೆ. ಆಸ್ಟ್ರೇಲಿಯದಿಂದ ತಂದು ನೆಟ್ಟ ಅಕೇಶಿಯಾದ ಜಾತಿಗಳು ಅಲ್ಲಿ ಹುಲ್ಲನ್ನು ನುಂಗುತ್ತಿವೆ. ಹುಲ್ಲುಗಾವಲಿನಲ್ಲಿ ನೀಲಗಿರಿ ಮರ ಬೆಳೆಸಿದಾಗ ಹಳ್ಳದ ಹರಿವು ತಗ್ಗಿತೆಂಬುದನ್ನು ಅಲ್ಲಿನ ಅಧ್ಯಯನಗಳು ಅಳೆದು ತೋರಿಸಿವೆ. ತುಂಗಭದ್ರೆಯನ್ನು ನೆಚ್ಚಿದವರು ಗಂಗಾಮೂಲದ ಹುಲ್ಲಿನ ಬಗ್ಗೆ ಚಿಂತಿಸಬೇಕಾದುದು ಈ ಕಾರಣಕ್ಕಾಗಿ. ಕುದುರೆಮುಖದಲ್ಲಿ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಆದರೆ ಏರುತ್ತಿರುವ ತಾಪವನ್ನು ನಿಲ್ಲಿಸಲು ಒಂದು ನ್ಯಾಯಾಲಯದ ಆದೇಶ ಸಾಲದು.

ತಮ್ಮ ಮನೆಯಂಗಳದ ಮಾತನ್ನೂ ಆಡಬೇಕು. 1974ರಲ್ಲಿ ಘೋಷಿತವಾದ ರಾಣೇಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ವಿಸ್ತೀರ್ಣ 119 ಚದರ ಕಿಲೋಮೀಟರ್. ಕೃಷ್ಣಮೃಗಕ್ಕೆ ಬೇಕಾದುದು ದೂರದವರೆಗೆ ಕಣ್ಣು ಹಾಯುವ, ಓಡಲು ಅಡ್ಡಿಯಿಲ್ಲದ ಬಯಲು. ಎರೆಭೂತ ಹಕ್ಕಿಯೂ ಒಂದು ಕಾಲಕ್ಕೆ ಇಲ್ಲಿತ್ತು. ಆ ಬಯಲಿನ ಬಹುಭಾಗದಲ್ಲಿ ನೀಲಗಿರಿ ನೆಡುತೋಪುಗಳೆದ್ದವು. ಟಂಡ್ರಾದಲ್ಲಿ ತಾಪ ಮಾಡುತ್ತಿರುವ ಕೆಲಸವನ್ನು ಇಲ್ಲಿ ಗುದ್ದಲಿ ಮಾಡಿತು: ಎತ್ತರದ ಗಿಡ ಬಂದು, ಬಯಲಿನ ಸಮುದಾಯವನ್ನು ಬದಿಗೆ ಸರಿಸಿತು. ಹುಲ್ಲಿನ ನೆಲವನ್ನು ಕಡತಗಳು ಬಂಜರು ಎಂದು ಕರೆದದ್ದೇ ಇದಕ್ಕೆ ಮೂಲ. ಕುರಿ, ದನ ಮೇಯಿಸುವವರನ್ನು ಕೇಳಿದ್ದರೆ ಅವರು ಆ ಹೆಸರು ಇಡುತ್ತಿರಲಿಲ್ಲ.

ಇದನ್ನು ಮೊದಲು ಅರಿತು ಎದ್ದು ನಿಂತವರಲ್ಲಿ ತಮ್ಮ ಸೀಮೆಯವರೇ ಇದ್ದರು. ಸಾಮುದಾಯಿಕ ಭೂಮಿಯನ್ನು ಕಾರ್ಖಾನೆಯ ನೀಲಗಿರಿಗೆ ಒಪ್ಪಿಸುವುದರ ವಿರುದ್ಧ 1987ರ ನವೆಂಬರ್ 14ರಂದು, ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ, ಸಮಾಜ ಪರಿವರ್ತನ ಸಮುದಾಯದ ನೇತೃತ್ವದಲ್ಲಿ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ನೀಲಗಿರಿ ಸಸಿ ಕಿತ್ತು, ಊರಿಗೆ ಉಪಯೋಗವಾಗುವ ಸಸಿ ನೆಟ್ಟರು. ಮುಂದೆ ಆ ಪಲ್ಪ್‌ವುಡ್ ಕಂಪನಿಯೇ ಮುಚ್ಚಿತು. ಅಂದಿನ ಹೋರಾಟದ ಎಸ್.ಆರ್. ಹಿರೇಮಠರು ಗ್ರಾಮಾಭಿವೃದ್ಧಿಯ ಕಾರ್ಯ ಕೈಗೊಂಡಿದ್ದ ಊರು ಇದೇ ಮೇಡ್ಲೇರಿ.

ಇಂದು ಹವಾಮಾನ ರಕ್ಷಣೆಯ ಹೆಸರಿನಲ್ಲಿಯೇ ಹುಲ್ಲುಗಾವಲಿನಲ್ಲಿ ಸಾಲುಸಾಲು ಸಸಿ ನೆಡುವ ಉತ್ಸಾಹ ಕಾಣುತ್ತಿದೆ. ಹುಲ್ಲು ತನ್ನ ಇಂಗಾಲವನ್ನು ಹೆಚ್ಚಾಗಿ ಬೇರಿನಲ್ಲಿ, ಮಣ್ಣಿನೊಳಗೆ ಇಡುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಬೆಂಕಿಗೂ ಸುಲಭವಾಗಿ ಸಿಗುವುದಿಲ್ಲ. ಮರ ಬೇಡವೆಂದು ನಾವು ಹೇಳುತ್ತಿಲ್ಲ. ಹೊಲದ ಬದುವಿಗೆ, ಊರ ಕೆರೆಯ ಅಂಚಿಗೆ, ಶಾಲೆಯ ಅಂಗಳಕ್ಕೆ ಮರ ಬರಲಿ. ಹುಲ್ಲಿನ ನೆಲ ಹುಲ್ಲಾಗಿಯೇ ಉಳಿಯಲಿ.

ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಗೋಮಾಳದಲ್ಲಿ ಒಂದು ಮೀಟರ್ ಚೌಕವನ್ನು ನಾಲ್ಕು ಗೂಟ ನೆಟ್ಟು ಗುರುತಿಸಿರಿ. ಮಳೆ ಹಿಡಿದ ಮೇಲೊಮ್ಮೆ, ದೀಪಾವಳಿಗೊಮ್ಮೆ, ಅಲ್ಲಿರುವ ಗಿಡಗಳನ್ನು ಎಣಿಸಿ, ಎತ್ತರ ಅಳೆದು, ದಿನಾಂಕಸಹಿತ ಬರೆದಿಡಿರಿ. ಹೆಸರು ತಿಳಿಯದಿದ್ದರೆ ದನ ಕಾಯುವ ಅಜ್ಜನನ್ನು ಕೇಳಿರಿ. ಹಿರಿಯರಲ್ಲಿಯೂ ಒಂದು ವಿನಂತಿ: ಗೋಮಾಳದಲ್ಲಿ ಸಸಿ ನೆಡುವ ಪ್ರಸ್ತಾವ ಗ್ರಾಮಸಭೆಗೆ ಬಂದಾಗ, ಆ ಪುಸ್ತಕವನ್ನು ಸಭೆಯ ಮುಂದಿಟ್ಟು ಓದಿಸಿರಿ. ಅಲ್ಲಿ ಏನಿದೆಯೆಂದು ತಿಳಿದ ಮೇಲೆ ತೀರ್ಮಾನ ಕೈಗೊಳ್ಳಿರಿ.