ಹುತ್ತದೊಳಗಿನ ಒಕ್ಕಲುತನ



ಭಾಗಮಂಡಲದಿಂದ ಪಾಣತ್ತೂರಿಗೆ ಇಳಿಯುವ ದಾರಿಯಲ್ಲಿರುವ ಈ ಕರಿಕೆಯಲ್ಲಿ ಮಳೆಗೂ ಮರಕ್ಕೂ ಕೊರತೆಯಿಲ್ಲ. ಇವೆರಡೂ ಕೂಡಿದ ಕಡೆಗೆ ಗೆದ್ದಲು ಇದ್ದೇ ಇರುವದು. ಬಾಗಿಲ ಚೌಕಟ್ಟನ್ನೂ ಶಾಲೆಯ ಕಪಾಟನ್ನೂ ತಿನ್ನುವ ಈ ಹುಳವನ್ನು ಶಪಿಸುವವರು ಬಹಳ, ಅರಿತವರು ವಿರಳ.

ಬಿಳಿ ಇರುವೆಯೆಂದು ಕೆಲವರು ಕರೆದರೂ ಗೆದ್ದಲು ಇರುವೆಯ ಕುಲದ್ದಲ್ಲ, ಜಿರಲೆಯ ಕುಲದ್ದು. ಇರುವೆಗಳಲ್ಲಿ ಗಂಡು ಕೂಡಿದ ಬಳಿಕ ಸಾಯುವದು. ಹುತ್ತದಲ್ಲಾದರೋ ಅರಸನು ಅರಸಿಯೊಡನೆ ಬಾಳುದ್ದಕ್ಕೂ ಇರುವನು. ದುಡಿಯುವ ಹುಳಗಳಿಗೆ ಕಣ್ಣಿಲ್ಲ. ವಾಸನೆ, ಸ್ಪರ್ಶ, ನೆಲದ ನಡುಕ ಇವೇ ಅವುಗಳ ಮಾತು. ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತುವ ಈಚಲು ಹುಳಗಳು ಇವುಗಳ ಮದುಮಕ್ಕಳೇ. ಹಕ್ಕಿ, ಹಲ್ಲಿ, ಕಪ್ಪೆಗಳ ಬಾಯಿಂದ ಉಳಿದ ಕೆಲವೇ ಜೊತೆಗಳು ರೆಕ್ಕೆ ಕಳಚಿ, ನೆಲ ತೋಡಿ, ಹೊಸ ಸಂಸಾರ ಹೂಡುವವು.

ನಮ್ಮ ನಾಡಿನಲ್ಲಿ ಎತ್ತರದ ಹುತ್ತ ಕಟ್ಟುವ ಗೆದ್ದಲು ನಿಜವಾದ ಒಕ್ಕಲಿಗ. ಒಣಗಿದ ಎಲೆ, ಕಟ್ಟಿಗೆಗಳನ್ನು ತಿಂದು, ಆ ಹಿಕ್ಕೆಯಿಂದಲೇ ಪಾತಿ ಮಾಡಿ, ಅದರಲ್ಲಿ ಒಂದು ಬಗೆಯ ಅಣಬೆಯನ್ನು ಬೆಳೆಯುವದು. ಗಟ್ಟಿಯಾದ ನಾರನ್ನು ಆ ಅಣಬೆಯು ಮೆದುಗೊಳಿಸಿ ಅದಕ್ಕೆ ಉಣಿಸುವದು. ಮಳೆಗಾಲದಲ್ಲಿ ಹುತ್ತದ ಮೇಲೆ ತಲೆಯೆತ್ತುವ, ಬಲ್ಲವರು ಆಯ್ದು ತರುವ ಅಣಬೆ ಇದೇ. ಈ ಗೆದ್ದಲುಗಳು ಕಳೆಯಾದ ಬೂಷ್ಟನ್ನು ವಾಸನೆಯಿಂದ ಗುರುತಿಸಿ ಮಣ್ಣಿನಲ್ಲಿ ಹೂಳುವವೆಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಕಾಡಿನಲ್ಲಿ ಬಿದ್ದ ಮರವನ್ನು ಮರಳಿ ಮಣ್ಣಾಗಿಸಿ, ಆ ಮಣ್ಣಿಗೆ ಗಾಳಿ, ನೀರು ಇಳಿಯುವಂತೆ ಮಾಡುವ ಇಂಥ ದುಡಿಮೆಗಾರನನ್ನು ಕೇವಲ ವೈರಿಯೆನ್ನುವದು ನ್ಯಾಯವಲ್ಲ.

ಆದರೆ ಗೆದ್ದಲಿಗೆ ಬಿದ್ದ ಮರವೂ ಒಂದೇ, ಓಲೆಗರಿಯೂ ಒಂದೇ. ನಮ್ಮ ಹಿರಿಯರು ಬರೆದಿಟ್ಟ ಎಷ್ಟೋ ಓಲೆಯ ಕಟ್ಟುಗಳು ಅಟ್ಟದ ಮೇಲೆಯೇ ಮಣ್ಣಾದವು. ಯಾವುದನ್ನು ಉಳಿಸಬೇಕೆಂಬ ವಿವೇಕವು ಹುಳದ್ದಲ್ಲ, ನಮ್ಮದು. ಕಾಡಿನ ಹುತ್ತವನ್ನು ಕೆಡವಿದ ಮಾತ್ರಕ್ಕೆ ಶಾಲೆಯ ಕಪಾಟು ಉಳಿಯದು.

ಉಪಾಯವು ಸುಲಭವಾಗಿದೆ. ಗೆದ್ದಲು ಬೆಳಕನ್ನೂ ಒಣಗಾಳಿಯನ್ನೂ ತಾಳದು. ಆದುದರಿಂದಲೇ ಗೋಡೆಯ ಮೇಲೆ ಮಣ್ಣಿನ ಸುರಂಗ ಕಟ್ಟಿಕೊಂಡು ಬರುವದು. ಕಪಾಟನ್ನು ಗೋಡೆಯಿಂದ ಒಂದು ಗೇಣು ದೂರವಿಡಿರಿ. ಅದರ ಕಾಲುಗಳನ್ನು ಕಲ್ಲಿನ ಮೇಲೆ ನಿಲ್ಲಿಸಿರಿ. ವಾರಕ್ಕೊಮ್ಮೆ ಹಿಂಬದಿಯನ್ನು ನೋಡಿ, ಮಣ್ಣಿನ ಗೆರೆ ಕಂಡರೆ ಕೆರೆದು, ತೇವವು ಎಲ್ಲಿಂದ ಬರುವದೆಂದು ಹುಡುಕಿರಿ. ಉಪಾಧ್ಯಾಯರು ಈ ಕೆಲಸಕ್ಕೆ ಮಕ್ಕಳನ್ನು ಜೊತೆಗೆ ಕರೆದುಕೊಳ್ಳಲಿ. ತಮ್ಮ ಮನೆಗಳಲ್ಲಿ ಹಳೆಯ ಓಲೆ, ಕಾಗದಗಳ ಕಟ್ಟುಗಳಿದ್ದರೆ ಮುಂದಿನ ಮಳೆಗಾಲ ಕಾಲಿಡುವ ಮೊದಲೇ ದಯವಿಟ್ಟು ಬಿಚ್ಚಿ ನೋಡಬೇಕೆಂದು ಬೇಡಿಕೊಳ್ಳುತ್ತೇನೆ.