ನಲಿ-ಕಲಿ ಕೋಣೆಗೆ ಏನು ಕೊಡೋಣ?

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್‌ನಲ್ಲಿ ಕೆಲಸ ಮಾಡುವವನು ಎಂಬ ಕಾರಣಕ್ಕೆ ನನಗೆ ‘ಪ್ರಾಥಮಿಕ ತರಗತಿಯಲ್ಲಿ ತಂತ್ರಜ್ಞಾನ’ ಎಂಬ ವಿಷಯ ಕೊಟ್ಟಿದ್ದಾರೆ. ಸುವರ್ಣ ಮಹೋತ್ಸವದ ನೆನಪಿಗೆ ಪಕ್ಕದ ಪ್ರಾಥಮಿಕ ಶಾಲೆಯ ನಲಿ-ಕಲಿ ಕೋಣೆಗೆ ಸ್ಮಾರ್ಟ್ ಬೋರ್ಡ್ ಕೊಡಿಸೋಣ ಎಂದು ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮಾತು ನಡೆದಿದೆ, ಹಣವೂ ಸೇರುತ್ತಿದೆ. ನಾನು ಅದರ ಪರವಾಗಿ ಎರಡು ಮಾತು ಆಡಿ ಕೂರುತ್ತೇನೆ ಎಂದುಕೊಂಡವರು ಸ್ವಲ್ಪ ತಾಳ್ಮೆಯಿಂದ ಕೇಳಬೇಕು.

ಈ ಭಾಷಣಕ್ಕೆ ಮೊದಲು ಎರಡು ದಿನ ರಜೆ ಹಾಕಿ ಆ ಕೋಣೆಯ ಮೂಲೆಯಲ್ಲಿ ಕುಳಿತಿದ್ದೆ. ನಮ್ಮಲ್ಲಿ ಅನೇಕರು ಓದುವಾಗ ಈ ಪದ್ಧತಿ ಇರಲಿಲ್ಲ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ, ನೆಲದ ಮೇಲೆ ಗುಂಪು ಗುಂಪಾಗಿ ಕೂರುತ್ತಾರೆ. ಒಂದು ಗುಂಪಿಗೆ ಟೀಚರ್ ಕಲಿಸುತ್ತಿರುತ್ತಾರೆ, ಇನ್ನೊಂದರಲ್ಲಿ ಮಕ್ಕಳೇ ಒಬ್ಬರಿಗೊಬ್ಬರು ಹೇಳಿಕೊಡುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. ಗೋಡೆಯ ಮೇಲೆ ಏಣಿಯ ಚಿತ್ರ. ಅದರ ಒಂದೊಂದು ಮೆಟ್ಟಿಲಿಗೂ ಒಂದೊಂದು ಕಾರ್ಡು. ಮಗು ತಾನು ಯಾವ ಮೆಟ್ಟಿಲಲ್ಲಿದೆ ಎಂದು ನೋಡಿಕೊಂಡು, ಆ ಕಾರ್ಡನ್ನು ಎತ್ತಿಕೊಂಡು, ಸರಿಯಾದ ಗುಂಪಿಗೆ ಹೋಗಿ ಕೂರುತ್ತದೆ.

‘ನಮ್ಮ ಹುಡುಗ ಇನ್ನೂ ಅ ಆ ಇ ಈ ಹೇಳೋದಿಲ್ಲ’ ಎಂದು ಊರಿನಲ್ಲಿ ದೂರುವವರಿದ್ದಾರೆ. ನಲಿ-ಕಲಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಯಾಕೆ? ಈ ಐದೇ ಅಕ್ಷರ ಕಲಿತ ಮಗು ಸರ, ಅರಸ, ಅಗಸ, ಗರಗಸ ಎಂದು ಓದಿಬಿಡುತ್ತದೆ. ಸ್ವರವೆಲ್ಲ ಮುಗಿದು, ವ್ಯಂಜನವೆಲ್ಲ ಮುಗಿದು, ಆಮೇಲೆ ಪದ ಎಂದು ತಿಂಗಳುಗಟ್ಟಲೆ ಕಾಯಬೇಕಾಗಿಲ್ಲ. ಕಡಿಮೆ ಸಾಮಗ್ರಿಯಲ್ಲಿ ಬೇಗ ಉಪಯೋಗಕ್ಕೆ ಬರುವಂತೆ ಕಟ್ಟುವುದು ಎಂದರೆ ಇದು. ನಮ್ಮ ಕಂಪನಿಗಳಲ್ಲಿ ಇದನ್ನು ಕಲಿಸಲು ತರಬೇತಿ ಶಿಬಿರ ನಡೆಸುತ್ತಾರೆ!

ಇದನ್ನು ಮಾಡಿದವರು ಎಂಜಿನಿಯರುಗಳಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಇದು ಶುರುವಾಯಿತು. ಅಲ್ಲಿನ ಸರ್ಕಾರಿ ಶಾಲೆಯ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ, ಅಲ್ಲಿನ ಹಳ್ಳಿ ಶಾಲೆಗಳ ಕಾರ್ಡುಗಳನ್ನು ನೋಡಿ ಬಂದು, ನಮ್ಮ ಮಕ್ಕಳಿಗೆ ಹೊಂದುವಂತೆ ತಾವೇ ಕೂತು ಬರೆದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲ ಎರಡು ತರಗತಿಗಳಿಗೆ ಬಂತು, ಮರುವರ್ಷ ಮೂರನೆಯದಕ್ಕೂ.

ಪಕ್ಕದ ಚಾಮರಾಜನಗರ ಜಿಲ್ಲೆಯಲ್ಲಿ ಇನ್ನೊಂದು ಪ್ರಯೋಗ ನಡೆಯಿತು. 2004ರ ಸೆಪ್ಟೆಂಬರ್ 20ರಂದು ಇಸ್ರೋ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹವನ್ನು ಶ್ರೀಹರಿಕೋಟಾದಿಂದ ಹಾರಿಸಿತು. ಆ ಜಿಲ್ಲೆಯ 885 ಪ್ರಾಥಮಿಕ ಶಾಲೆಗಳಿಗೆ ಡಿಶ್, ಟಿ.ವಿ. ಕೊಟ್ಟು ಪಾಠ ಬಿತ್ತರಿಸುವ ಯೋಜನೆ ಬಂತು. ದೇಶ ಹೆಮ್ಮೆಪಡುವ ಕೆಲಸ, ನಾನೂ ಹೆಮ್ಮೆಪಡುತ್ತೇನೆ. ಆದರೆ ಬಿತ್ತರದ ಪಾಠ ಯಾರಿಗೂ ಕಾಯುವುದಿಲ್ಲ. ಹನ್ನೊಂದು ಗಂಟೆಗೆ ಕರೆಂಟು ಹೋದರೆ ಹನ್ನೊಂದರ ಪಾಠ ಹೋಯಿತು. ಜ್ವರ ಬಂದು ಮೂರು ದಿನ ಮನೆಯಲ್ಲಿದ್ದ ಮಗುವಿಗೆ ಮೂರು ದಿನದ್ದು ಹೋಯಿತು. ಉಪಗ್ರಹಕ್ಕೂ ಆಯುಸ್ಸು ಇರುತ್ತದೆ. ಎಜುಸ್ಯಾಟ್ 2010ರಲ್ಲಿ ಕೆಲಸ ನಿಲ್ಲಿಸಿತು. ಎಚ್.ಡಿ. ಕೋಟೆಯಲ್ಲಿ ಹುಟ್ಟಿದ ರಟ್ಟಿನ ಕಾರ್ಡು ನಮ್ಮ ಪಕ್ಕದ ಕೋಣೆಯಲ್ಲಿ ಇನ್ನೂ ಇದೆ.

ಈ ‘ಕಾಯುವುದು’ ನಮ್ಮ ಕೆಂಗೇರಿಯ ಕಡೆ ಬಹಳ ಮುಖ್ಯ. ಮೆಟ್ರೋ ಬಂತು, ಅಪಾರ್ಟ್‌ಮೆಂಟ್‌ಗಳು ಎದ್ದವು. ಅವನ್ನು ಕಟ್ಟಲು ಬಂದ ಯಾದಗಿರಿ, ರಾಯಚೂರು ಕಡೆಯವರ ಮಕ್ಕಳು ಈ ಕೋಣೆಯಲ್ಲಿದ್ದಾರೆ. ದಸರೆ ಆದ ಮೇಲೆ ಸೇರುತ್ತಾರೆ, ಕೆಲಸ ಮುಗಿದರೆ ಪರೀಕ್ಷೆಗೆ ಮುಂಚೆಯೇ ಹೊರಟುಬಿಡುತ್ತಾರೆ. ಮನೆಯಲ್ಲಿ ತೆಲುಗು, ತಮಿಳು, ಹಿಂದಿ ಆಡುವ ಮಕ್ಕಳೂ ಇದ್ದಾರೆ. ಅಂಥ ಮಗುವನ್ನು ಟೀಚರ್ ಏಣಿಯ ಮುಂದೆ ನಿಲ್ಲಿಸಿ, ‘ನೀನು ಇಲ್ಲಿಂದ ಶುರು ಮಾಡು ಮರಿ’ ಎನ್ನುವುದನ್ನು ನಾನು ಕಣ್ಣಾರೆ ನೋಡಿದೆ. ಎಲ್ಲರೂ ಒಂದೇ ಕಡೆ ಮುಖ ಮಾಡಿ ಕೂರಬೇಕಾದ ದೊಡ್ಡ ಪರದೆ ಆ ಕೋಣೆಗೆ ಬಂದರೆ ಮೊದಲು ಏಳುವುದು ಈ ಗುಂಪುಗಳೇ. ನನ್ನ ಆಕ್ಷೇಪ ಇಷ್ಟೇ.

ಹಾಗಾದರೆ ಟೀಚರ್‌ಗಳಿಗೆ ತಂತ್ರಜ್ಞಾನ ಬೇಡವೇ? ಕೇಳಿದೆ. ಒಬ್ಬರು ನಕ್ಕು, ‘ನಮಗೆ ತಂತ್ರಜ್ಞಾನ ಅಂದ್ರೆ ಎಂಟ್ರಿ ಮಾಡೋದು ಸರ್’ ಎಂದರು. ಎಸ್.ಎ.ಟಿ.ಎಸ್.ನಲ್ಲಿ ಮಕ್ಕಳ ವಿವರ, ಬಿಸಿಯೂಟದ ಲೆಕ್ಕ, ಒಟಿಪಿ, ಮತ್ತೆ ಸರ್ವರ್ ಡೌನ್. ಪಾಠದ ಹೊತ್ತಿನಲ್ಲಿ ಫೋನು ಹಿಡಿದು ಕಿಟಕಿಯ ಹತ್ತಿರ ಸಿಗ್ನಲ್ ಹುಡುಕುವುದು. ನಮ್ಮಂಥವರು ಬರೆದ ಸಾಫ್ಟ್‌ವೇರ್ ಆ ಕೋಣೆಯಿಂದ ಟೀಚರನ್ನು ಹೊರಗೆ ಎಳೆಯುತ್ತಿದೆ ಎಂಬುದು ನನಗೆ ಹಿತವಾಗಿ ಕೇಳಿಸಲಿಲ್ಲ.

ಅದೇ ಫೋನನ್ನು ಅವರು ಚೆನ್ನಾಗಿ ಬಳಸುವುದನ್ನೂ ನೋಡಿದೆ. ಮಗು ಓದುವುದನ್ನು ರೆಕಾರ್ಡ್ ಮಾಡಿ ಅದಕ್ಕೇ ಕೇಳಿಸುತ್ತಾರೆ. ತನ್ನ ದನಿ ಕೇಳಿದ ಮಗು ‘ಇನ್ನೊಂದ್ಸಲ ಓದ್ತೀನಿ ಮಿಸ್’ ಎನ್ನುತ್ತದೆ. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ದೀಕ್ಷಾದಲ್ಲಿ ಸಿಗುವ ಹಾಡು, ವಿಡಿಯೋ ತೋರಿಸುತ್ತಾರೆ. ಇಂಗ್ಲಿಷ್ ಉಚ್ಚಾರಣೆಗೆ ಅದು ತಮಗೂ ಸಹಾಯ ಎಂದು ಮುಚ್ಚುಮರೆ ಇಲ್ಲದೆ ಹೇಳಿದರು. ಆದರೆ ಡೇಟಾ ಅವರ ಸ್ವಂತದ್ದು, ಫೋನೂ ಅವರದ್ದೇ. ಇಪ್ಪತ್ತೈದು ಮಕ್ಕಳು ಒಂದು ಅಂಗೈಯಗಲದ ಪರದೆಗೆ ಮುತ್ತಿಕೊಳ್ಳುತ್ತಾರೆ.

ಅವರು ಕೇಳಿದ್ದು ಇವು: ಹರಿದುಹೋದ, ಕಳೆದುಹೋದ ಕಾರ್ಡುಗಳ ಜಾಗಕ್ಕೆ ಹೊಸದು ಮಾಡಲು ಒಂದು ಕಲರ್ ಪ್ರಿಂಟರ್, ಒಂದು ಲ್ಯಾಮಿನೇಶನ್ ಯಂತ್ರ. ಬೇಕಾದಾಗ ಇಟ್ಟು, ಬೇಡದಾಗ ಬೀರುವಿನಲ್ಲಿ ತೆಗೆದಿಡಬಹುದಾದ ಸಣ್ಣ ಪ್ರೊಜೆಕ್ಟರ್, ಒಂದು ಸ್ಪೀಕರ್. ವೈಫೈ. ಮತ್ತು ಕೆಟ್ಟಾಗ ಫೋನ್ ಮಾಡಿದರೆ ಬರುವ ಒಬ್ಬ ಮನುಷ್ಯ. ಈ ಕೊನೆಯದನ್ನು ಇಬ್ಬರು ಟೀಚರ್‌ಗಳೂ ಎರಡೆರಡು ಸಲ ಹೇಳಿದರು. ಬಟ್ಟೆ ಹೊದಿಸಿ ಬೀಗ ಹಾಕಿದ ಕಂಪ್ಯೂಟರ್ ಕೋಣೆಗಳನ್ನು ನಾವೆಲ್ಲ ಕಂಡಿದ್ದೇವೆ. ಸಾಫ್ಟ್‌ವೇರ್ ಕಟ್ಟುವ ಖರ್ಚಿಗಿಂತ ವರ್ಷಗಟ್ಟಲೆ ನಡೆಸುವ ಖರ್ಚೇ ಹೆಚ್ಚು ಎಂದು ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. ಆದರೆ ದಾನ ಕೊಡುವಾಗ ರಿಬ್ಬನ್ ಕತ್ತರಿಸುವ ದಿನದ ಫೋಟೋ ಮಾತ್ರ ಕಣ್ಣಿಗೆ ಬರುತ್ತದೆ.

ಆದ್ದರಿಂದ ಸಮಿತಿಯ ಮುಂದೆ ನನ್ನ ಕೋರಿಕೆ: ಸೇರಿದ ಹಣದಲ್ಲಿ ಅರ್ಧಕ್ಕೆ ಮಾತ್ರ ಸಾಮಾನು ಕೊಳ್ಳೋಣ. ಉಳಿದರ್ಧ ಬ್ಯಾಂಕಿನಲ್ಲಿಟ್ಟು ಐದು ವರ್ಷ ಇಂಕು, ರಿಪೇರಿ, ಇಂಟರ್ನೆಟ್ಟಿಗೆ ಬಳಸೋಣ. ಏನು ಕೊಳ್ಳಬೇಕೆಂಬ ಪಟ್ಟಿಗೆ ನಲಿ-ಕಲಿ ಟೀಚರ್‌ಗಳ ಸಹಿ ಇರಲಿ. ಕೆಟ್ಟಾಗ ಬರುವ ಮನುಷ್ಯನ ಜಾಗಕ್ಕೆ ಸದ್ಯ ನನ್ನ ಹೆಸರು ಬರೆದುಕೊಳ್ಳಿ. ಇನ್ನೂ ಮೂವರು ಕೈ ಎತ್ತಿದರೆ ತಿಂಗಳಿಗೊಂದು ಶನಿವಾರದಂತೆ ಸರದಿ ಹಾಕಿಕೊಳ್ಳಬಹುದು.

ಸ್ಮಾರ್ಟ್ ಬೋರ್ಡೇ ಕೊಡಬೇಕೆಂದು ಆಸೆಪಟ್ಟವರಿಗೆ ಬೇಸರವಾಗಿದ್ದರೆ ಊಟದ ಹೊತ್ತಿನಲ್ಲಿ ಜಗಳ ಆಡೋಣ. ಅದಕ್ಕೂ ಮೊದಲು ಆ ಕೋಣೆಯ ಬಾಗಿಲು ತೆರೆದಿಟ್ಟಿರುತ್ತಾರೆ, ಒಮ್ಮೆ ಹೋಗಿ ಏಣಿಯ ಮುಂದೆ ನಿಂತು ಬನ್ನಿ. ಮುಂದಿನ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಅಲ್ಲೇ ಕಾರ್ಡು ಎಣಿಸಿ, ಯಾವುದು ಇಲ್ಲ ಎಂದು ಪಟ್ಟಿ ಮಾಡುವ ಕೆಲಸವಿದೆ. ಬರುವವರು ಮನೆಯಿಂದ ಒಂದು ಕತ್ತರಿ ತನ್ನಿ.